ಆ ಬಳೆಯ ಸದ್ದು ನನ್ನದು

ಗುಲಾಬಿಯವರೇ, ಆ ಮಧ್ಯಾಹ್ನ ವಿಡಿಯೊ ಕರೆಯಲ್ಲಿ ನಿಮಗೆ ಬಳೆಯ ಸದ್ದು ಕೇಳಿಸಿದ್ದು ನಿಜ. ಬಳೆ ನನ್ನದು. ನಿಮ್ಮನ್ನು ಕೇಳದೆ, ನಿಮ್ಮ ನರ್ಸಿಗೂ ತಿಳಿಸದೆ, ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ನಾನು ಕದ್ದು ಕೇಳುತ್ತಿದ್ದೆ. ಎರಡು ವರ್ಷ ಬಾಯಿ ಬಿಡಲಿಲ್ಲ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ದೂರದ ಊರಿನ ಮನೋರೋಗಿಗಳನ್ನು ಫೋನಿನಲ್ಲೇ ಮಾತಾಡಿಸಿ ನೋಡಿಕೊಳ್ಳುವುದು ಹೇಗೆಂದು ಬ್ರಹ್ಮಾವರದಲ್ಲಿ ನರ್ಸುಗಳಿಗೆ ಕಲಿಸುವವಳು. ಬೈಂದೂರಿನಿಂದಾಚೆ ಇರುವ ನಿಮಗೆ ವಾರವಾರ ಕರೆ ಮಾಡುವ ನಾಗವೇಣಿ ನನ್ನ ಕೈಕೆಳಗೆ ಕಲಿಯುತ್ತಿದ್ದಳು. ನನ್ನದು ಹುಟ್ಟಾ ಅನುಮಾನದ ಬುದ್ಧಿ — ಕಿವಿರು ಎತ್ತಿ ನೋಡದೆ ಒಂದು ಮೀನನ್ನೂ ಮನೆಗೆ ತಂದವಳಲ್ಲ. ಉಳಿದ ಹುಡುಗಿಯರ ಕರೆ ಹದಿನೈದು ನಿಮಿಷಕ್ಕೆ ಮುಗಿಯುತ್ತಿತ್ತು. ನಾಗವೇಣಿಯದು ಮುಕ್ಕಾಲು ಗಂಟೆ. ಟಿಪ್ಪಣಿ ನೋಡಿದರೆ ಎರಡೇ ಸಾಲು. ಅಷ್ಟು ಹೊತ್ತು ಏನು ಮಾಡುತ್ತಾಳೆ? ಹರಟೆಯೋ, ಕರೆ ತೆರೆದಿಟ್ಟು ತನ್ನ ಕೆಲಸವೋ... ಅವಳನ್ನೇ ಕೇಳಬಹುದಿತ್ತು. ಸುಳ್ಳು ಹೇಳಿಯಾಳು ಅಂತ ಅಲ್ಲಿಯೂ ಅನುಮಾನ.

ನಾನೇ ಕಲಿಸಿದ ಪದ್ಧತಿ ಒಂದಿದೆ. ಕರೆ ಶುರುವಾದ ಕೂಡಲೇ ನರ್ಸು ಫೋನು ಹಿಡಿದು ಎದ್ದು ನಾಲ್ಕು ಗೋಡೆ, ಬಾಗಿಲ ಹಿಂಬದಿ ತೋರಿಸಬೇಕು — ಬೇರೆ ಯಾರೂ ಇಲ್ಲವೆಂದು ರೋಗಿಗೆ ಧೈರ್ಯ ಬರಲಿಕ್ಕೆ. ಆ ದಿನವೂ ನಾಗವೇಣಿ ತೋರಿಸಿದಳು. ಯಾರೋ ಕದ್ದು ಕೇಳುತ್ತಾರೆ ಎನ್ನುವ ಭಯವೇ ನಿಮ್ಮ ಕಾಯಿಲೆ ಎಂದು ಫೈಲಿನ ಮೊದಲ ಪುಟದಲ್ಲೇ ಇತ್ತು. ಅದನ್ನು ಓದಿಯೂ ನಾನು ಮೇಲ್ವಿಚಾರಕಿಯ ಪಾಸ್‌ವರ್ಡ್ ಹಾಕಿ, ಯಾರಿಗೂ ಕಾಣದ ಹಾಗೆ ಕರೆಯೊಳಗೆ ಬಂದೆ. ಕ್ಯಾಮೆರಾ ಮುಚ್ಚಿದೆ. ಮೈಕು ಮುಚ್ಚಲು — ಮರೆತೆ.

ಏನು ಕೇಳಿದೆ? ಏನೂ ಇಲ್ಲ. ನೀವು ಸುಮ್ಮನಿದ್ದಿರಿ, ಅವಳು ಕಾಯುತ್ತಿದ್ದಳು. ಆ ಮುಕ್ಕಾಲು ಗಂಟೆ ಹೋಗುತ್ತಿದ್ದದ್ದು ನಿಮ್ಮ ಮಾತಿಗೆ ಕಾಯುವುದರಲ್ಲಿ. ನಾಚಿಕೆಯಾಯಿತು. ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಒಂದು ಒಳ್ಳೆಯ ಮಾತು ಬರೆಯೋಣವೆಂದು ಪೆನ್ನು ಎತ್ತಿದೆ.

"ಅಲ್ ಇನ್ಯಾರೋ ಇದ್ರ್," ಅಂದಿರಿ ನೀವು. "ಬಳಿ ಸದ್ದ್ ಕೇಂತ್. ನಿಮ್ ಕೈಯಂಗೆ ಬಳಿ ಇಲ್ಲೆ."

ಡ್ಯೂಟಿಯ ನರ್ಸು ಬಳೆ ಹಾಕುವುದಿಲ್ಲ. ವಾರ್ಡು ಬಿಟ್ಟು ಪಾಠಕ್ಕೆ ಬಂದ ನಾನು ಹಾಕಿಕೊಂಡಿದ್ದೆ. ನಾಗವೇಣಿ ಪಾಪ, ನಿಮ್ಮ ಮಾತಿಗಷ್ಟೇ ಕಿವಿಗೊಟ್ಟವಳು ಆ ಸಣ್ಣ ಸದ್ದನ್ನು ಗಮನಿಸಿರಲಿಲ್ಲ; ಮತ್ತೊಮ್ಮೆ ಗೋಡೆ ತೋರಿಸಿದಳು. "ಯಾರೂ ಇಲ್ಲೆ, ಕಾಣಿ ಗುಲಾಬಕ್ಕ. ಅದ್ ನಿಮ್ಗೆ ಹಾಂಗ್ ಕೇಂಬುದ್, ಅಷ್ಟೇ."

ಸಂಜೆ ಅವಳು ಡಾಕ್ಟರಿಗೆ ವರದಿ ಒಪ್ಪಿಸಿದಳು. ಇಲ್ಲದ ಸದ್ದು ಕೇಳುತ್ತಿದೆಯಾದರೆ ಮಾತ್ರೆ ಹೆಚ್ಚಿಸಬೇಕಾದೀತು ಅಂದ ಅವರು, ನನ್ನ ಕಡೆ ತಿರುಗಿ ಅಭಿಪ್ರಾಯ ಕೇಳಿದರು. ಒಂದು ಮಾತು ಸಾಕಿತ್ತು. ಹೇಳಿದರೆ ನನ್ನ ಹುದ್ದೆ, ಹೆಸರು — ಏನೆಲ್ಲ ಲೆಕ್ಕ ಹಾಕಿದೆನೋ.

"ಹೌದು ಡಾಕ್ಟ್ರೇ, ಕಾಯ್ಲೆ ಜೋರಾದ ಹಾಂಗೇ ಕಾಂತ್," ಅಂದೆ.

ಮಾತ್ರೆ ಹೆಚ್ಚಾಯಿತು. ನಿಮ್ಮ ಕೈ ನಡುಗಲು ಶುರುವಾಯಿತು. ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಬಿಡಿಸುತ್ತಿದ್ದ ಕೈ ಅದು; ಕೆಲಸ ಬಿಟ್ಟಿರಿ. ಒಂದೊಂದೂ ಫೈಲಿನಲ್ಲಿ ಬರುತ್ತಿತ್ತು, ನಾನು ಓದಿ ಸಹಿ ಹಾಕುತ್ತಿದ್ದೆ. ಹೋದ ತಿಂಗಳ ಟಿಪ್ಪಣಿಯಲ್ಲಿ ನಾಗವೇಣಿ ನಿಮ್ಮ ಮಾತನ್ನು ಹಾಗೆಯೇ ಬರೆದಿದ್ದಳು: "ಈಗ ಎಂತ ಕೇಂಡ್ರೂ, ಎಂತ ಕಂಡ್ರೂ ನಿಜವಾ ಅಂದೇಳಿ ಮಗಳ್ ಹತ್ರ ಕೇಂತೆ." ಸುಧಾರಣೆ ಅಂತ ಎಲ್ಲರೂ ಸಂತೋಷಪಟ್ಟರು. ನಾನು ಮಾತ್ರ ಆ ಟಿಪ್ಪಣಿಗೆ ಸಹಿ ಹಾಕಲಿಲ್ಲ.

ನಿನ್ನೆ ಡಾಕ್ಟರಿಗೂ ನಾಗವೇಣಿಗೂ ಒಟ್ಟಿಗೆ ಹೇಳಿದೆ. "ಅವ್ರ್ ಹತ್ರ ಅದ್ ಕಾಯ್ಲೆ ಅಂದದ್ದ್ ನಾನಲ್ದಾ ಮೇಡಂ," ಅಂದಳು ಅವಳು, ಎದ್ದು ಹೋದಳು. ಡಾಕ್ಟರು ನಿಮ್ಮನ್ನು ಮತ್ತೆ ಪರೀಕ್ಷಿಸುತ್ತಾರೆ. ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಪಾಠ ಹೇಳುವ ಕೆಲಸವನ್ನು ನಾನು ಬಿಟ್ಟಿದ್ದೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ.

ಇಷ್ಟು ಓದಿದ ಮೇಲೂ ಈ ಕಾಗದವನ್ನು ಮಗಳ ಕೈಗೆ ಕೊಟ್ಟು, ಇದರಲ್ಲಿ ನಿಜವಾಗಿ ಹೀಗೇ ಬರೆದಿದೆಯಾ ಅಂತ ನೀವು ಕೇಳುತ್ತೀರಿ. ಆ ಸ್ಥಿತಿಗೆ ನಿಮ್ಮನ್ನು ತಂದವಳು ನಾನು.