ಟೀ ಶರ್ಟಿನ ಮೇಲೆ ಬಂದ ನನ್ನ ಮುಖ

೨೦೦೪ರ ಬೇಸಿಗೆ. ಇಳಕಲ್ಲಿನ ಬಜಾರದಲ್ಲಿ ನನ್ನ ಫೋಟೋ ಸ್ಟುಡಿಯೋ ಶುರುವಾಗಿ ಹದಿನಾರು ವರ್ಷವಾಗಿತ್ತು. ಸೀರೆ ವ್ಯಾಪಾರಿಗಳಿಂದ ಹಿಡಿದು ಮಗ್ಗದ ಮನೆಗಳ ಮಕ್ಕಳವರೆಗೆ ಎಲ್ಲರೂ ನನ್ನ ಸ್ಟೂಲಿನ ಮೇಲೆ ಕೂತು ಎದ್ದವರೇ. ಹುನಗುಂದದ ಕಚೇರಿಗಳಿಗೆ ಹೋಗುವ ಅರ್ಜಿಗಳ ಮೇಲಿನ ಮುಖಗಳೂ ಬಹುಪಾಲು ನಾನು ತೆಗೆದವೇ. ಕಪ್ಪು-ಬಿಳುಪು ಫೋಟೋಗಳನ್ನು ನನ್ನ ಡಾರ್ಕ್ ರೂಮಿನಲ್ಲೇ ತೊಳೆಯುತ್ತಿದ್ದೆ. ಕಲರ್ ರೋಲು ಮಾತ್ರ ಬಸ್ಸಿನಲ್ಲಿ ಬಾಗಲಕೋಟೆಯ ಲ್ಯಾಬಿಗೆ ಹೋಗಿ ಬರಬೇಕಿತ್ತು. ಗಿರಾಕಿಗಳು ಕಾಯುತ್ತಿದ್ದರು. ಕಾಯದೆ ಎಲ್ಲಿಗೆ ಹೋಗುತ್ತಾರೆ ಎಂಬ ಧೈರ್ಯ ನನಗಿತ್ತು.

ನನ್ನ ಅನ್ನಕ್ಕೆ ಕಲ್ಲು ಹಾಕಲೆಂದೇ ಬಂದವನಂತೆ ಸುರೇಶ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು. ಬಾಗಲಕೋಟೆಯಲ್ಲಿ ಕೆಲಸ ಕಲಿತು, ನನ್ನ ಬಾಗಿಲ ಎದುರಿಗೇ ಡಿಜಿಟಲ್ ಸ್ಟುಡಿಯೋ ತೆರೆದ. ಕಂಪ್ಯೂಟರ್, ಸ್ಕ್ಯಾನರ್, ಕಲರ್ ಪ್ರಿಂಟರ್, ಎಲ್ಲ ಇದ್ದವು. ಊರಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಚಹಾ ಕುಡಿಯುವಾಗಲೂ ನನ್ನ ಕಣ್ಣು ಅಲ್ಲೇ: ಯಾರು ಒಳಗೆ ಹೋದರು, ಯಾರು ನಗುತ್ತ ಹೊರಗೆ ಬಂದರು. ಹುಡುಗ ಒಳ್ಳೆಯವನು ಎಂದು ಯಾರಾದರೂ ಹೇಳಿದರೆ ಹೊಟ್ಟೆ ಇನ್ನಷ್ಟು ಉರಿಯುತ್ತಿತ್ತು. ಕೆಟ್ಟವನಾಗಿದ್ದರೆ ಬೈಯಲಾದರೂ ಬರುತ್ತಿತ್ತು.

ಬೇಸಿಗೆ ರಜೆಗೆ ಅವನು ಮಕ್ಕಳಿಗೊಂದು ಕ್ಲಾಸ್ ಶುರು ಮಾಡಿದ. ಮಕ್ಕಳು ಒಂದು ಬಿಳಿ ಟೀ ಶರ್ಟ್, ಒಂದು ಫೋಟೋ ತರಬೇಕು. ಫೋಟೋ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅದರ ಸುತ್ತ ಹೂವು, ಬಣ್ಣ ಹಾಕಿ, ಟ್ರಾನ್ಸ್‌ಫರ್ ಪೇಪರ್ ಎಂಬ ವಿಶೇಷ ಕಾಗದದ ಮೇಲೆ ಪ್ರಿಂಟ್ ತೆಗೆಯುವುದು ಮಕ್ಕಳದೇ ಕೆಲಸ. ಆ ಕಾಗದವನ್ನು ಬಟ್ಟೆಯ ಮೇಲೆ ಬೋರಲಾಗಿ ಇಟ್ಟು ಬಿಸಿ ಇಸ್ತ್ರಿ ಒತ್ತಿದರೆ ಚಿತ್ರ ಬಟ್ಟೆಗೆ ಹತ್ತುತ್ತದೆ. ಬೋರಲು ಇಡುವುದರಿಂದ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದಕ್ಕೆ ಪ್ರಿಂಟ್ ಕೊಡುವ ಮುಂಚೆ ಕಂಪ್ಯೂಟರಿನಲ್ಲಿ ‘ಮಿರರ್’ ಒತ್ತಿ ಚಿತ್ರವನ್ನು ತಿರುಗಿಸಿಡಬೇಕು. ಇಷ್ಟೆಲ್ಲ ನನಗೆ ಗೊತ್ತಾದದ್ದು ಐದನೇ ಇಯತ್ತೆ ಮುಗಿಸಿದ್ದ ನನ್ನ ಮಗಳು ಗೀತಾಳಿಂದ. ಅವಳೂ ಆ ಕ್ಲಾಸಿಗೆ ಸೇರಿದ್ದಳು. ಸೇರಿಸಿದವಳು ನನ್ನ ಹೆಂಡತಿ ಶಾಂತಾ.

“ಊರ ಹುಡುಗರೆಲ್ಲಾ ಹೊಂಟಾವು. ನಿಮ್ಮ ಹೊಟ್ಟಿಕಿಚ್ಚಿಗೆ ನಮ್ಮ ಹುಡುಗಿ ಮನ್ಯಾಗ ಕುಂಡ್ರಬೇಕೇನ್ರಿ?” ಎಂದಿದ್ದಳು.

ಊಟಕ್ಕೆ ಕೂತರೆ ದಿನವೂ ಗೀತಾಳದು ಅದೇ ಪುರಾಣ. ಸುರೇಶ್ ಸರ್ ಹಿಂಗ ಅಂದ್ರು, ಸುರೇಶ್ ಸರ್ ಹಂಗ ತೋರಿಸಿದ್ರು. ನನ್ನ ಡಾರ್ಕ್ ರೂಮಿನೊಳಗೆ ಅವಳು ಒಮ್ಮೆಯೂ ಇಷ್ಟು ಆಸೆಯಿಂದ ಇಣುಕಿರಲಿಲ್ಲ.

ಒಂದು ಮುಂಜಾನೆ ಗೀತಾ ಸ್ಟುಡಿಯೋಗೆ ಓಡಿ ಬಂದಳು.

“ಅಪ್ಪಾ, ಶರ್ಟಿಗೆ ನಿನ್ನ ಫೋಟೋ ಕೊಡು.”

“ನಿಂದ ಹಾಕ್ಕೋ. ಬೇಕಾದಷ್ಟ ಅದಾವು.”

“ನನ್ನ ಮಾರಿ ನಾ ಕನ್ನಡ್ಯಾಗ ನೋಡ್ಕೋತೇನಿ. ನಿಂದ ಬೇಕು.”

ಹುಡುಕಿದೆ. ಡಬ್ಬಿಗಳ ತುಂಬ ಊರವರ ನೆಗೆಟಿವ್‌ಗಳು. ನನ್ನದು ಒಂದೂ ಇಲ್ಲ. ಫೋಟೋಗ್ರಾಫರನ ಹಣೆಬರಹವೇ ಅಷ್ಟು: ಎಲ್ಲ ಮದುವೆಯಲ್ಲೂ ಇರುತ್ತಾನೆ, ಯಾವ ಆಲ್ಬಮ್ಮಿನಲ್ಲೂ ಇರುವುದಿಲ್ಲ. ನನ್ನದೇ ಮದುವೆಯ ಫೋಟೋ ತೆಗೆದು ತೋರಿಸಿದರೆ ಅದರಲ್ಲಿ ಬಾಸಿಂಗ ಮುಖ ಮುಚ್ಚಿತ್ತು. ವೋಟರ್ ಕಾರ್ಡ್ ನೋಡಿ, “ಇಂವ ಯಾರ ಅಪ್ಪ?” ಎಂದಳು.

“ಸುರೇಶ್ ಸರ್ ತಗೀತಾರಂತ, ಬಾ.”

“ಅಂವನ ಮುಂದ ನಾ ಕುಂಡ್ರೂದಿಲ್ಲ.”

“ಹಂಗಾರ ಸರ್ ಫೋಟೋನ ಹಾಕ್ತೇನಿ. ಅವರದು ಕಂಪ್ಯೂಟರ್‌ನ್ಯಾಗ ಐತಿ.”

ಪಾಪ, ಬೆದರಿಸಬೇಕೆಂದು ಹೇಳಿದ ಮಾತಲ್ಲ. ಆದರೆ ನನ್ನ ಮಗಳು ಆ ಮನುಷ್ಯನ ಮುಖವನ್ನು ಎದೆಯ ಮೇಲೆ ಹೊತ್ತು ಇಡೀ ಬಜಾರ ತಿರುಗುವುದು ಕಣ್ಣ ಮುಂದೆ ಬಂತು. “ಕರಿ ಅಂವನ್ನ,” ಎಂದೆ. “ಆದರ ಕುಂಡ್ರೂದು ನನ್ನ ಸ್ಟೂಲಿನ ಮ್ಯಾಲ.” ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಸುರೇಶ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನ ದೀಪಗಳ ಶೆಕೆ ನನ್ನ ಮುಖಕ್ಕೇ ತಾಗಿತು.

“ಅಣ್ಣಾರ, ಒಂದೀಟು ನಗ್ರಿ.”

“ಎಡಗಡಿ ಲೈಟ್ ಮೊದಲ ಇಳಸು, ತಮ್ಮಾ.”

ಇಳಿಸಿದ. ಕ್ಲಿಕ್ ಎಂದದ್ದೇ ತಡ, ಕ್ಯಾಮೆರಾ ತಿರುಗಿಸಿ ಅದರ ಬೆನ್ನಿನ ಮೇಲೆ ನನ್ನ ಮುಖ ತೋರಿಸಿದ. ರೋಲಿಲ್ಲ, ಬಸ್ಸಿಲ್ಲ, ಲ್ಯಾಬಿಲ್ಲ! ಫೋಟೋದಲ್ಲಿ ತಪ್ಪು ಹುಡುಕಿದೆ. ಫೋಕಸ್ ಸರಿ, ಬೆಳಕೂ ಸರಿ. ಆದರೂ ಅದು ನನ್ನ ಮುಖ ಅನ್ನಿಸಲಿಲ್ಲ. ಯಾರೋ ದೂರದ ಅಣ್ಣತಮ್ಮನ ಹಾಗೆ ಕಂಡಿತು.

ಎರಡು ದಿನ ಬಿಟ್ಟು ಗೀತಾ ಶರ್ಟು ಹಿಡಿದುಕೊಂಡು ಬಂದಳು. ಕಣ್ಣು ತುಂಬಿದ್ದವು. ಹಿಂದೆಯೇ ಸುರೇಶ, ಕೈಯಲ್ಲಿ ಇನ್ನೊಂದು ಬಿಳಿ ಶರ್ಟು. ಉಳಿದ ಮಕ್ಕಳು ಫೋಟೋದ ಕೆಳಗೆ ತಮ್ಮ ಹೆಸರು ಹಾಕಿದ್ದರಿಂದ ಅಕ್ಷರ ನೋಡಿ ಮಿರರ್ ಒತ್ತುವುದನ್ನು ನೆನಪಿಟ್ಟಿದ್ದರು. ನನ್ನ ಮಗಳು ಹೆಸರು ಹಾಕಿರಲಿಲ್ಲ. “ನಮ್ಮಪ್ಪ ಯಾರಂತ ಊರಿಗೇ ಗೊತ್ತೈತಿ, ಹೆಸರ್ಯಾಕ?” ಎಂದಿದ್ದಳಂತೆ. ಹಾಗಾಗಿ ಮಿರರ್ ಒತ್ತುವುದನ್ನು ಮರೆತಿದ್ದಳು, ಚಿತ್ರ ತಿರುವುಮುರುವಾಗಿ ಬಟ್ಟೆಗೆ ಹತ್ತಿತ್ತು.

“ತಪ್ಪಾತ್ರಿ ಅಣ್ಣಾರ. ನಾ ನೋಡಬೇಕಿತ್ತು. ಹೊಸಾದು ಮಾಡಿ ಕೊಡ್ತೇನ್ರಿ.”

ಶರ್ಟು ಬಿಡಿಸಿ ನೋಡಿದೆ. ಅದು ನಾನು! ಅವನ ಕ್ಯಾಮೆರಾದ ಆ ದೂರದ ಅಣ್ಣತಮ್ಮ ಅಲ್ಲ, ಖರೆಖರೆ ನಾನೇ.

“ಬ್ಯಾಡ. ಇದ ಸರಿ ಐತಿ,” ಎಂದೆ.

“ಅಲ್ರೀ, ಗಲ್ಲದ ಮಚ್ಚಿ ಈ ಕಡಿ ಬಂದೈತಲ್ರಿ?”

“ಮುಂಜಾನಿ ದಾಡಿ ಮಾಡ್ಕೊಳ್ಳೂವಾಗ ಅದು ಅಲ್ಲೇ ಇರ್ತೈತಿ.”

ಅವನಿಗೆ ಅರ್ಥವಾಗಲಿಲ್ಲ. ಗೀತಾ ಕಣ್ಣೊರೆಸಿಕೊಂಡು ಅಲ್ಲೇ ಫ್ರಾಕಿನ ಮೇಲೆಯೇ ಶರ್ಟು ತೊಟ್ಟಳು. ಅವಳ ಎದೆಯ ಮೇಲೆ ಕೂತು ನಾನು ಬಜಾರ ತಿರುಗಿದೆ, ಸುರೇಶನ ಅಂಗಡಿಯ ಮುಂದೆಯೂ.

ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಅದೇ. ಫೋಟೋ ಕೈಗೆ ಬಂದಾಗ “ನಾ ಹಿಂಗ ಇಲ್ಲಲ್ರೀ” ಎನ್ನುವ ಗಿರಾಕಿಗಳನ್ನು ನಾನು ಅಷ್ಟು ವರ್ಷ ಗದರಿಸಿ ಕಳಿಸಿದ್ದೆ. ಅವರು ಹೇಳುತ್ತಿದ್ದದ್ದು ಖರೆ. ಮನುಷ್ಯನಿಗೆ ಗೊತ್ತಿರುವುದು ಕನ್ನಡಿಯಲ್ಲಿನ ತನ್ನ ಮುಖ. ಫೋಟೋದಲ್ಲಿರುವುದು ಮಂದಿ ನೋಡುವ ಮುಖ. ಅಂದಿನಿಂದ ಮನೆಯಲ್ಲಿಟ್ಟುಕೊಳ್ಳುವ ಫೋಟೋಗೆ ಯಾರಾದರೂ ಹಾಗೆ ಗೊಣಗಿದರೆ, ಡಾರ್ಕ್ ರೂಮಿಗೆ ಹೋಗಿ ನೆಗೆಟಿವ್ ಮಗುಚಿ ಹಾಕಿ ಇನ್ನೊಂದು ಪ್ರತಿ ತೆಗೆದು ಕೊಡುತ್ತಿದ್ದೆ. ನೋಡಿದವರ ಮುಖ ಅರಳುತ್ತಿತ್ತು. ಎದುರಿನ ಅಂಗಡಿಯಲ್ಲಿ ತೆಗೆಸಿಕೊಂಡು ಬೇಜಾರಾದವರೂ ಒಬ್ಬೊಬ್ಬರಾಗಿ ನನ್ನ ಕಡೆ ಬಂದರು.

“ಅಣ್ಣಾರ, ಅದೇನ ಮಾಡ್ತೀರಿ? ಮಂದಿ ನೀವು ತಗದದ್ದ ಛಲೋ ಅಂತಾರ,” ಎಂದು ಸುರೇಶ ಎಷ್ಟೋ ಸಲ ಕೇಳಿದ್ದಾನೆ. ಅವನ ಕಂಪ್ಯೂಟರಿನಲ್ಲಾದರೆ ಒಂದೇ ಒಂದು ಗುಂಡಿ ಒತ್ತುವ ಕೆಲಸ. ನಾನಿನ್ನೂ ಹೇಳಿಲ್ಲ.