ಕೆಳಗಿನಿಂದ ಓದಿದ ಕಾಗದ

ಬೀಗದಕ್ಕ ಯಾವ ಕಾಗದವನ್ನೂ ಮೇಲಿನಿಂದ ಓದಿದವಳಲ್ಲ. ಮದುವೆಯ ಕರೆಯೋಲೆ ಕೈಗೆ ಕೊಟ್ಟರೂ ಅವಳ ಕಣ್ಣು ಮೊದಲು ಹೋಗುವುದು ಕಟ್ಟಕಡೆಯ ಸಾಲಿಗೆ. ಅದು ಅವಳಪ್ಪ ಕಲಿಸಿದ ಪಾಠ. ಅವನೂ ಬೀಗ ರಿಪೇರಿಯವನೇ. ಹಿಂದೊಮ್ಮೆ ಅಂಗಡಿಯ ಕರಾರಿಗೆ ಓದದೆ ಸಹಿ ಹಾಕಿ, ಕೆಳಗೆ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಒಂದೇ ಸಾಲಿನಿಂದ ಅರ್ಧ ಅಂಗಡಿ ಕಳೆದುಕೊಂಡಿದ್ದ. ಆಮೇಲೆ ಸಾಯುವ ತನಕ ಮಗಳಿಗೆ ಒಂದೇ ಮಾತು: "ಮೋಸ ಯಾವತ್ತೂ ಕೆಳಗಡೆ ಕೂತಿರುತ್ತೆ ಮಗಳೇ. ಕೆಳಗಿಂದ ಓದು."

ಎರಡನೆಯ ಪಾಠವೂ ಒಂದಿತ್ತು. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡಬೇಕು. ಬೀಗದಕ್ಕ ಬೀಗವನ್ನು ಮಾತ್ರ ಎಳೆದು ನೋಡಿ ಸುಮ್ಮನಾಗುತ್ತಿರಲಿಲ್ಲ. ತರಕಾರಿಯವಳ ತಕ್ಕಡಿ, ವೈದ್ಯರು ಕೊಟ್ಟ ಚೀಟಿ, ತಮ್ಮನ ಮಾತು, ಎಲ್ಲವನ್ನೂ ಎಳೆದು ನೋಡುತ್ತಿದ್ದಳು. ಬೀದಿಯ ಜನ ಬೆನ್ನ ಹಿಂದೆ ಅವಳನ್ನು ಎಳೆದುನೋಡಕ್ಕ ಎಂದು ಕರೆಯುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು. ಯಾರು ಯಾರು ಹಾಗೆ ಕರೆಯುತ್ತಾರೆ ಎಂಬ ಲೆಕ್ಕವೂ ಇತ್ತು ಅನ್ನಿ.

ಐವತ್ತೆಂಟರ ಈ ಹೆಂಗಸು ಮೂವತ್ತು ವರ್ಷ ದೊಡ್ಡ ರಸ್ತೆಯಲ್ಲಿ ಕೀ ಕತ್ತರಿಸಿದವಳು. ಅಂಗಡಿಯಿದ್ದ ಹಳೇ ಕಟ್ಟಡ ಕೆಡವಿದಾಗ ಅಂಗಡಿಯನ್ನು ಹಿಂದಿನ ಓಣಿಗೆ ತಂದಳು. ಓಣಿಯೋ, ಗೊತ್ತಿದ್ದವರು ಮಾತ್ರ ನುಗ್ಗುವಂಥದ್ದು. ಬಾಗಿಲು ಹಾಕಿಕೊಂಡು ಹೊರಗೆ ಸಿಕ್ಕಿಬಿದ್ದವರು ಫೋನು ತೆಗೆದು ಹುಡುಕುತ್ತಾರೆಯೇ ಹೊರತು ಓಣಿ ಓಣಿ ಅಲೆಯುತ್ತಾರೆಯೇ? ನಾಲ್ಕು ರಸ್ತೆ ಕೂಡುವಲ್ಲಿ ನೀಲಿ ಬೋರ್ಡು ಹಾಕಿಕೊಂಡ ಹೊಸಬನೊಬ್ಬ ಅಷ್ಟರಲ್ಲಿ ಅಂಗಡಿ ತೆರೆದಿದ್ದ. ಗಿರಾಕಿಗಳೆಲ್ಲ ಅವನ ಪಾಲು. ವರ್ಷ ತುಂಬುವುದರೊಳಗೆ ಜನ ತನ್ನನ್ನು ಹುಡುಕಿಕೊಂಡು ಬರದಿದ್ದರೆ ಅಪ್ಪನ ಕಾಲದ ಕೀ ಕತ್ತರಿಸುವ ಮೆಷಿನ್ನು ಮಾರಿ ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕು ಎಂದು ಅವಳಿಗೆ ಗೊತ್ತಿತ್ತು. ಆ ಯೋಚನೆ ಬಂದರೆ ಊಟ ಸೇರುತ್ತಿರಲಿಲ್ಲ.

ಆಗ ಕೈಹಿಡಿಯಲು ಬಂದವಳು ಇರುವೆ. ತಮ್ಮನ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಅಂಗಡಿಯ ನೆಲದ ಮೇಲೆ ಹರಿದಾಡುತ್ತ, ಕಂಡ ಕಂಡ ಬೀಗದ ತೂತಿಗೆಲ್ಲ ಕಿರುಬೆರಳು ತೂರಿಸುತ್ತಿದ್ದಳು. "ಇದು ಮಗುವೋ ಇರುವೆಯೋ, ಎಲ್ಲಿ ಬೇಕಾದ್ರೂ ನುಗ್ಗುತ್ತಲ್ಲಪ್ಪ" ಎಂದು ಹೆಸರಿಟ್ಟವಳು ಅತ್ತೆಯೇ. ಬೀಗದಕ್ಕನಿಗೆ ಮಕ್ಕಳಿರಲಿಲ್ಲ. ಹುಡುಗಿ ಈಗ ಬೆಳೆದು ಸಣ್ಣ ಸಣ್ಣ ಅಂಗಡಿಯವರಿಗೆ ವೆಬ್‌ಸೈಟು ಮಾಡಿಕೊಡುವ ಕೆಲಸ ಮಾಡುತ್ತಿದ್ದಳು. ಎರಡು ಮಧ್ಯಾಹ್ನ ಅತ್ತೆಯ ಪಕ್ಕ ಕೂತು ಅವಳಿಗೂ ಒಂದು ಮಾಡಿಕೊಟ್ಟಳು.

ಎರಡನೇ ದಿನ ಇರುವೆ ಟೀ ತರಲು ಹೋದಾಗ ಬೀಗದಕ್ಕ ಕಂಪ್ಯೂಟರಿನ ಮುಂದೆ ಒಬ್ಬಳೇ ಉಳಿದಳು. ಸುಮ್ಮನೆ ಕೂರುವ ಜೀವವೇ ಅದು? ಸೈಟಿನ ಒಳಕೋಣೆಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿದಳು. ಮುಚ್ಚಬಹುದಾದದ್ದು ಏನು ಕಂಡರೂ ಮುಚ್ಚಿದಳು. ಸಂಜೆ ಹುಡುಗಿ ಹೋದ ಮೇಲೆ ಪಾಸ್‌ವರ್ಡನ್ನೂ ಬದಲಾಯಿಸಿದಳು. ಬಡಗಿ ಬಾಗಿಲು ಕೂರಿಸಿ ಹೋದ ದಿನವೇ ಬೀಗ ಬದಲಾಯಿಸಬೇಕು, ಮಾಡಿದವನ ಹತ್ತಿರ ಕೀ ಉಳಿಯಬಾರದು. ಇದು ಅವಳ ಕಸುಬಿನ ನಿಯಮ. ಅದರಲ್ಲಿ ಬೇಸರ ಪಡುವಂಥದ್ದು ಏನಿದೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಎರಡು ತಿಂಗಳು ಕಳೆಯಿತು. ಒಂದು ನರಪಿಳ್ಳೆಯೂ ಸೈಟು ನೋಡಿ ಬರಲಿಲ್ಲ. ಇರುವೆ ಫೋನು ಮಾಡಿದಳು.

"ಅತ್ತೆ, ಸೈಟಲ್ಲಿ ಏನೋ ಆಗಿದೆ. ನಂಗೆ ಒಳಗೆ ಹೋಗೋಕೆ ಆಗ್ತಿಲ್ಲ. ಕೀವರ್ಡೂ ಸರಿ ಮಾಡ್ಬೇಕು..."

"ನನ್ನ ಕೀನಲ್ಲಿ ಏನೇ ಐಬು ಕಂಡೆ? ಮೂವತ್ತು ವರ್ಷದಲ್ಲಿ ಒಬ್ಬರೂ ವಾಪಸ್ ತಂದಿಲ್ಲ!"

"ಅಯ್ಯೋ, ಆ ಕೀ ಅಲ್ಲ ಅತ್ತೆ! ಕೀವರ್ಡ್ ಅಂದ್ರೆ ಜನ ಹುಡುಕೋವಾಗ ಬರೆಯೋ ಮಾತು. ಸ್ವಲ್ಪ ಕೇಳು..."

"ಬಾಯಿಮಾತು ಬೇಡ. ಏನಿದ್ರೂ ಬರೆದುಕೊಡು."

ಮಾರನೇ ದಿನ ಅಂಗಡಿಯ ಶಟರಿನ ಕೆಳಗೆ ಒಂದು ಕಾಗದ ಬಿದ್ದಿತ್ತು. ಏಳು ಸಾಲು, ಏಳು ಕೆಲಸ, ಗುಂಡಾದ ಅಕ್ಷರ. ಬೀಗದಕ್ಕ ಮೇಲಿನ ಸಾಲುಗಳ ಮೇಲೆ ಒಂದು ರಟ್ಟು ಮುಚ್ಚಿ ಏಳನೆಯದರಿಂದ ಶುರುಮಾಡಿದಳು. ರಟ್ಟು ಯಾಕೆಂದರೆ, ಮೇಲೆ ಬೆಣ್ಣೆಯಂಥ ಮಾತಿದ್ದರೆ ಕೆಳಗಿನ ಮುಳ್ಳು ಕಾಣುವುದಿಲ್ಲವಂತೆ. ಅದೂ ಅಪ್ಪನ ಮಾತೇ.

ಏಳನೆಯದು: ಪುರುಸೊತ್ತಿದ್ದರೆ ಬಣ್ಣ ಬದಲಾಯಿಸು. ಇದರಲ್ಲೇನು ಹುನ್ನಾರ? ಮೂರು ವಾರ ಯೋಚಿಸಿ ಹಳದಿ ತೆಗೆದು ಹಸಿರು ಹಾಕಿದಳು. ಆರನೆಯದು: ಹಳೇ ರಸ್ತೆಯ ವಿಳಾಸ ಪುಟದ ಕೆಳಗೆ ಹಾಗೇ ಉಳಿದಿದೆ, ಓಣಿಯ ವಿಳಾಸ ಹಾಕು. ಸರಿಯೇ ಅನ್ನಿಸಿತು, ಆದರೂ ವಿಳಾಸ ಯಾರಿಗೆ ಬೇಕಾಗಿದೆಯೋ ಎಂದು ಹತ್ತು ದಿನ ತಡೆದು ಹಾಕಿದಳು. ಐದನೆಯದು: "ಬೀಗ ತಜ್ಞರು" ಅಂತ ಯಾರೂ ಹುಡುಕಲ್ಲ ಅತ್ತೆ, "ಕೀ ಕಳೆದುಹೋಗಿದೆ" "ಡೂಪ್ಲಿಕೇಟ್ ಕೀ" ಅಂತ ಬರೀತಾರೆ, ಆ ಮಾತುಗಳನ್ನೇ ಪುಟದಲ್ಲಿ ಹಾಕು. ತಜ್ಞರು ಎಂಬ ಪದವನ್ನು ಬೀಗದಕ್ಕ ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದಳು. ನನ್ನ ತೂಕ ಇಳಿಸೋಕೆ ನೋಡ್ತಿದಾಳಾ? ಒಂದು ತಿಂಗಳು ಹಿಡಿಯಿತು. ನಾಲ್ಕನೆಯದು: ಪ್ರತಿ ಪುಟದ ತಲೆಬರಹ "ಮುಖಪುಟ" ಅಂತಷ್ಟೇ ಇದೆ, ಏನು ಕೆಲಸ, ಯಾವ ಬಡಾವಣೆ ಅಂತ ಬರಿ. ಅದನ್ನೂ ಬರೆದಳು.

ಗಿರಾಕಿ ಮಾತ್ರ ಬರಲಿಲ್ಲ. ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು. ಹೇಳಿದ್ದನ್ನೆಲ್ಲ ಮಾಡಿದರೂ ಆಗುತ್ತಿಲ್ಲವೆಂದರೆ ಹೇಳಿದವಳ ಮನಸ್ಸಿನಲ್ಲಿ ಏನೋ ಇರಬೇಕು. ಹೀಗೆ ಹುಳ ಕೊರೆಯಲು ಶುರುವಾದ ಹೊತ್ತಿನಲ್ಲಿ ರಟ್ಟು ಮೂರನೇ ಸಾಲಿಗೆ ಸರಿಯಿತು.

ಮೂರನೆಯದು: ನೀಲಿ ಬೋರ್ಡಿನವರ ಸೈಟು ನೋಡು, ಎಷ್ಟು ಅಚ್ಚುಕಟ್ಟಾಗಿದೆ.

ಬೀಗದಕ್ಕನ ಮೈ ಉರಿದುಹೋಯಿತು. ಸಿಕ್ಕಿತಲ್ಲ! ಇಷ್ಟು ದಿನ ಕೆಳಗೆ ಹುಡುಕುತ್ತಿದ್ದ ಮೋಸ ನಡುಮಧ್ಯದಲ್ಲಿ ಕೂತಿದೆ! ಇವಳು ಯಾಕೆ ಅವನ ಸೈಟು ನೋಡಿದಳು? ನೋಡಿದಳೋ, ತಾನೇ ಮಾಡಿಕೊಟ್ಟಳೋ? ಮುಂದಿನ ಸಾಲು ಓದುವ ವ್ಯವಧಾನ ಯಾರಿಗಿತ್ತು? ಕಾಗದ ಮಡಚಿ ಅರದ ಡಬ್ಬಿಯ ತಳಕ್ಕೆ ತುರುಕಿ, ತಮ್ಮನಿಗೆ ಫೋನು ಹಚ್ಚಿದಳು.

"ಬೇಲಿನೇ ಎದ್ದು ಹೊಲ ಮೇಯ್ತಂತೆ. ನಿನ್ನ ಮಗಳಿಗೆ ಹೇಳು, ಇನ್ನು ನನ್ನ ಅಂಗಡಿ ಮೆಟ್ಟಿಲು ಹತ್ತೋದು ಬೇಡ."

"ಅಕ್ಕ, ಏನಾಯ್ತು ಹೇಳೇ..."

"ಅವಳನ್ನೇ ಕೇಳು." ಫೋನು ಇಟ್ಟಳು. ಆಮೇಲೆ ಇರುವೆ ಎಷ್ಟು ಸಲ ಕರೆ ಮಾಡಿದರೂ ಎತ್ತಲಿಲ್ಲ. ಎತ್ತದೆ ಪ್ರತಿಸಲವೂ ರಿಂಗು ನಿಲ್ಲುವ ತನಕ ಫೋನನ್ನೇ ನೋಡುತ್ತ ಕೂರುತ್ತಿದ್ದಳು.

ಎರಡು ವಾರದ ನಂತರ ಒಂದು ಬೆಳಿಗ್ಗೆ ಅವಳು ನಾಲ್ಕು ರಸ್ತೆ ಕೂಡುವಲ್ಲಿ ಹಾಲಿಗೆಂದು ಹೋದಾಗ ಏನು ನೋಡಬೇಕು! ನೀಲಿ ಬೋರ್ಡಿನ ಅಂಗಡಿಯಿಂದ ಇರುವೆ ಇಳಿದು ಬರುತ್ತಿದ್ದಾಳೆ. ಕೈಯಲ್ಲಿದ್ದ ಏನನ್ನೋ ಚೀಲಕ್ಕೆ ಹಾಕಿಕೊಂಡಳು. ಅತ್ತೆಯನ್ನು ಕಂಡು ಮುಖ ಬಿಳಿಚಿಕೊಂಡು ತಲೆ ತಗ್ಗಿಸಿ ಹೋಗಿಬಿಟ್ಟಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇನ್ನೇನು ಸಾಕ್ಷಿ ಬೇಕು? ಬೀಗದಕ್ಕ ಹಾಲು ಮರೆತು ವಾಪಸ್ಸಾದಳು. ಸಿಟ್ಟು ಇತ್ತು ನಿಜ, ಅದಕ್ಕಿಂತ ಹೆಚ್ಚಾಗಿ ಅಳು ಬಂದಿತ್ತು.

ವರ್ಷ ತುಂಬಲು ಇನ್ನು ಮೂರೇ ತಿಂಗಳು. ಹುಡುಗಿಯ ದ್ರೋಹವನ್ನು ತಮ್ಮನ ಮುಂದೆ ಸಾಕ್ಷಿ ಸಮೇತ ಇಡಬೇಕು ಎಂದು ನಿಶ್ಚಯಿಸಿ, ಕಾಗದವನ್ನೂ ಕಂಪ್ಯೂಟರನ್ನೂ ಎತ್ತಿಕೊಂಡು ಟೈಪ್ ಮೇಷ್ಟ್ರ ಮನೆಗೆ ಹೋದಳು. ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದ ಮುದುಕರು, ಈಗ ಬೀದಿಯವರ ಕಂಪ್ಯೂಟರುಗಳ ನಾಡಿ ಹಿಡಿಯುತ್ತಿದ್ದರು. ಅವಳು ಪಾಸ್‌ವರ್ಡ್ ಹೊಡೆಯುವಾಗ ಅಂಗೈ ಅಡ್ಡ ಹಿಡಿದಳು.

"ನಾನು ಗೋಡೆ ನೋಡ್ತೀನಿ ತಾಯಿ, ನಿಧಾನಕ್ಕೆ ಹೊಡಿ," ಎಂದು ಮೇಷ್ಟ್ರು ನಕ್ಕು ತಿರುಗಿ ಕೂತರು. ಆಮೇಲೆ ಕನ್ನಡಕ ಏರಿಸಿ ಕಾಗದ ಬಿಡಿಸಿ, ಲೋಕದ ಎಲ್ಲರ ಹಾಗೆ ಮೇಲಿನಿಂದ ಓದಿದರು. ಮೊದಲ ಸಾಲಿಗೇ ನಿಂತರು.

"ಇದನ್ನ ಮಾಡಿದೆಯಾ?"

"ಯಾವುದನ್ನ?"

"ಒಂದನೇದು."

"ಅಲ್ಲಿವರೆಗೂ ಬಂದಿಲ್ಲ."

ಮೇಷ್ಟ್ರು ಗಟ್ಟಿಯಾಗಿ ಓದಿದರು. "ಅತ್ತೆ, ಎಲ್ಲಕ್ಕಿಂತ ಮೊದಲು ಇದು. ಹುಡುಕೋ ಯಂತ್ರಗಳು ಸೈಟನ್ನ ನೋಡದ ಹಾಗೆ ತಡೆಯೋ ಒಂದು ಟಿಕ್ ಒಳಗೆ ಬಿದ್ದಿದೆ, ಹೊರಗಿಂದಲೇ ಗೊತ್ತಾಗುತ್ತೆ, ಅದನ್ನ ತೆಗಿ. ಇದಾಗದೆ ಕೆಳಗಿನ ಆರು ಮಾಡಿದ್ರೂ ಒಂದೇ, ಬಿಟ್ರೂ ಒಂದೇ. ಎರಡನೇದು, ಫೋಟೋಗಳು ತುಂಬಾ ಭಾರ, ಫೋನಲ್ಲಿ ಪುಟ ತೆರೆಯೋದ್ರೊಳಗೆ ಜನ ಎದ್ದು ಹೋಗ್ತಾರೆ, ಸಣ್ಣ ಮಾಡು. ಮೂರನೇದು, ನೀಲಿ ಬೋರ್ಡಿನವರ ಸೈಟು ನೋಡು, ಎಷ್ಟು ಅಚ್ಚುಕಟ್ಟಾಗಿದೆ..." ಮೇಷ್ಟ್ರು ಹಾಳೆ ತಿರುಗಿಸಿದರು. "ಸಾಲಲ್ಲಿ ಜಾಗ ಸಾಲದೆ ಬಾಣ ಹಾಕಿ, ಇಲ್ಲಿ ಹಿಂದೆ ಮುಂದುವರಿಸಿದಾಳೆ ನೋಡು. 'ಕೆಲಸದಲ್ಲಿ ಅವರು ನಿನ್ನ ಕಾಲಧೂಳಿಗೂ ಸಮ ಇಲ್ಲ. ಆದ್ರೂ ಅವರೇ ಮೊದಲು ಕಾಣ್ತಾರೆ, ನಂಗೆ ಹೊಟ್ಟೆ ಉರಿಯುತ್ತೆ ಅತ್ತೆ.'"

ಬೀಗದಕ್ಕನಿಗೆ ಹಾಳೆಯ ಹಿಂಬದಿ ನೋಡಬೇಕೆಂದೇ ಹೊಳೆದಿರಲಿಲ್ಲ. ಅಪ್ಪ ಕೆಳಗಿನದನ್ನು ಹೇಳಿದ್ದ, ಹಿಂದಿನದನ್ನು ಹೇಳಿರಲಿಲ್ಲ. ಆದರೂ ಸಂಶಯ ಅಷ್ಟು ಸುಲಭಕ್ಕೆ ಸಾಯುವ ಪ್ರಾಣಿಯಲ್ಲ. "ಆ ಟಿಕ್ಕು ಹಾಕಿದ್ದು ಯಾರು ಅಂತ ತೆಗೀರಿ ಮೇಷ್ಟ್ರೇ. ಅದು ಬೇಕು ನಂಗೆ. ಅವಳೇ ಹಾಕಿ, ಅವಳೇ ತೆಗಿ ಅಂತ ಬರೆದಿರಬಹುದಲ್ಲ?"

ಸೈಟಿನೊಳಗೆ ಯಾರು ಯಾವಾಗ ಏನು ಬದಲಾಯಿಸಿದರು ಎಂದು ದಾಖಲಾಗುವ ಒಂದು ಪಟ್ಟಿ ಇತ್ತು. ಮೇಷ್ಟ್ರು ಅದನ್ನು ತೆರೆದು, ಒಂದು ಸಾಲಿನ ಮೇಲೆ ಬೆರಳಿಟ್ಟು, ಪರದೆಯನ್ನು ಅವಳತ್ತ ತಿರುಗಿಸಿದರು. ಸೈಟು ಮಾಡಿದ ಎರಡನೇ ದಿನ, ಮಧ್ಯಾಹ್ನ ನಾಲ್ಕು ಹನ್ನೆರಡು. ಟಿಕ್ ಹಾಕಿದವರು: ಅಂಗಡಿ ಮಾಲೀಕರು.

ಟೀ. ಇರುವೆ ಟೀ ತರಲು ಹೋಗಿದ್ದಳು. ಯಾವುದೋ ಯಂತ್ರಗಳು ಬಂದು ಇಣುಕಿ ನೋಡುತ್ತವಂತೆ, ತಡೆಯಬೇಕೋ ಎಂದು ಪರದೆ ಕೇಳಿತ್ತು. ತಡೆಯದೆ ಇರುತ್ತೇನೆಯೇ ಎಂದು ಒತ್ತಿದ್ದಳು. ಒತ್ತಿ, ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡಿದ್ದಳು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆಯಲ್ಲಮ್ಮ," ಎಂದರು ಮೇಷ್ಟ್ರು. "ಒಳಗಿಂದ ಚಿಲಕ ಹಾಕ್ಕೊಂಡು, ಹೊರಗೆ ಬಾಗಿಲಿಗೆ ಹಸಿರು ಬಣ್ಣ ಬಳಿದಿದೀಯ. ಈಗ ತೆಗೆದಿದೀನಿ. ಯಂತ್ರಗಳು ಬಂದು ನೋಡಿ ಹೋಗೋಕೆ ಇನ್ನು ಕೆಲವು ವಾರ ಬೇಕು. ಫೋಟೋ ಸಣ್ಣ ಮಾಡೋದು ನಂಗೆ ಬರಲ್ಲ. ಅದಕ್ಕೆ ಆ ಹುಡುಗಿನೇ ಬೇಕು."

ಬೀಗದಕ್ಕ ನೇರ ತಮ್ಮನ ಮನೆಗೆ ನಡೆದಳು. ಕಾಲು ನಡೆಯುತ್ತಿತ್ತು, ಮನಸ್ಸಿನಲ್ಲಿ ಇನ್ನೂ ಒಂದು ಮುಳ್ಳು ಉಳಿದಿತ್ತು: ಹಾಗಾದರೆ ನೀಲಿ ಅಂಗಡಿಗೆ ಯಾಕೆ ಹೋಗಿದ್ದಳು?

ಬಾಗಿಲು ಹಾಕಿತ್ತು. ಇರುವೆ ಆಗಷ್ಟೇ ಕೆಲಸದಿಂದ ಬಂದು, ಬಾಗಿಲಿನ ಮುಂದೆ ನಿಂತು ಕೀ ತಿರುಗಿಸಲು ಒದ್ದಾಡುತ್ತಿದ್ದಳು. ಅತ್ತೆಯನ್ನು ಕಂಡು ಕೈ ನಿಂತಿತು.

"ತಾ ಇಲ್ಲಿ," ಎಂದು ಬೀಗದಕ್ಕ ಕೀ ಕಿತ್ತುಕೊಂಡಳು. ಹೊಸ ಕೀ. ಹಲ್ಲು ಒರಟು, ಎರಡನೇ ಕಚ್ಚು ಆಳ ಸಾಲದು. "ಯಾವ ದರಿದ್ರದವನು ಮಾಡಿದ್ದು ಇದನ್ನ?"

"ನೀಲಿ ಬೋರ್ಡಿನವರು."

"ನಾನು ಸತ್ತಿದ್ನೇನೇ?"

ಇರುವೆ ಬಾಗಿಲಿನತ್ತ ಮುಖ ತಿರುಗಿಸಿದಳು. "ಮೆಟ್ಟಿಲು ಹತ್ತಬೇಡ ಅಂದಿದ್ಯಲ್ಲ ಅತ್ತೆ. ಕೀ ಕಳೆದುಹೋಗಿತ್ತು. ಫೋನು ಎತ್ತಲಿಲ್ಲ ನೀನು. ನೆಟ್ಟಲ್ಲಿ ಹುಡುಕ್ದೆ, ನಿನ್ನ ಹೆಸರು ಬರಲೇ ಇಲ್ಲ."

ಬೀಗದಕ್ಕ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಅರ ತೆಗೆದು ಆ ಕೀಯ ಹಲ್ಲನ್ನು ಉಜ್ಜತೊಡಗಿದಳು. ಕಣ್ಣು ಮಂಜಾಗಿ ಎರಡು ಸಲ ಕೈ ಜಾರಿತು. "ತಪ್ಪು ನಂದು ಕಣೇ," ಎಂದಳು ತಲೆ ಎತ್ತದೆ. "ಟಿಕ್ಕೂ ನಂದೇ, ಎಲ್ಲಾ ನಂದೇ. ಬಾಯಿಗೆ ಬಂದದ್ದು ಅಂದುಬಿಟ್ಟೆ."

ಇರುವೆ ಮೂಗು ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಮೆಲ್ಲಗೆ ಕೇಳಿದಳು. "ಫೋಟೋ ಸಣ್ಣ ಮಾಡ್ಬೇಕು. ಪಾಸ್‌ವರ್ಡ್ ಏನಿಟ್ಟಿದ್ದೆ? ನಾನು ಏನೇನೋ ಹಾಕಿ ನೋಡ್ದೆ. ತಾತನ ಹೆಸರು, ಅಂಗಡಿ ಹೆಸರು, ಯಾವುದಕ್ಕೂ ತೆಗೀಲಿಲ್ಲ."

ಅರ ನಿಂತಿತು. ಬೀಗದಕ್ಕ ಕೀಯ ಮೇಲಿನ ಪುಡಿ ಊದಿದಳು. ಮರೆಯದಂಥ ಹೆಸರು ಇಡಿ ಎಂದು ಆ ದಿನ ಪರದೆ ಹೇಳಿತ್ತು.

"ಇರುವೆ," ಎಂದಳು.

"ಹ್ಞೂಂ, ಹೇಳು ಅತ್ತೆ."

"ಕರೆದಿದ್ದಲ್ಲ ಕಣೇ. ಅದೇ ಪಾಸ್‌ವರ್ಡು."