ಮುಚ್ಚದೆ ಉಳಿದ ಒಂದು ತೂತು

ನಮ್ಮ ಕೌಂಟಿ ಡೌನ್ ಜಿಲ್ಲೆಯಲ್ಲಿ ಟ್ರ್ಯಾಕ್ಟರಿಗೆ ನೇಗಿಲು ಜೋಡಿಸುವ ವಿಧಾನದ ಚರಿತ್ರೆಯನ್ನು ಯಾರೇ ಬರೆದರೂ, ಈ ತಿಂಗಳು ಕೃಷಿ ಕಾಲೇಜಿನಿಂದ ನಿವೃತ್ತರಾಗುತ್ತಿರುವ ಶ್ರೀ ವಿಲ್ಬರ್ಟ್ ಮಗೋವನ್ ಅವರಿಗೆ ಅದರಲ್ಲಿ ಒಂದು ಅಧ್ಯಾಯ ಸಲ್ಲಬೇಕು. ಹಿಂದೆ ನೇಗಿಲನ್ನು ಸರಪಳಿಯಿಂದ ಎಳೆಯುತ್ತಿದ್ದರು. ಗುಳ ಬಂಡೆಗೆ ಸಿಕ್ಕಿದರೆ ಟ್ರ್ಯಾಕ್ಟರು ಮೂತಿ ಎತ್ತಿ ಚಾಲಕನ ಮೇಲೆಯೇ ಮಗುಚುತ್ತಿತ್ತು. ಕೆಳಗೆರಡು, ಮೇಲೊಂದು, ಹೀಗೆ ಮೂರು ತೋಳುಗಳ ಜೋಡಣೆ ಬಂದ ಮೇಲೆ ಮೇಲಿನ ತೋಳು ಆ ಮೂತಿಯನ್ನು ನೆಲಕ್ಕೆ ಒತ್ತಿ ಹಿಡಿಯಿತು. ಭಯ ತೀರಿತೆಂದು ನಾವೆಲ್ಲ ನಂಬಿದೆವು.

1978ರ ಮಾರ್ಚಿನಲ್ಲಿ ನನ್ನ ತಮ್ಮ ಯೂಯಲ್ ಮರದ ಬೊಡ್ಡೆ ಕೀಳಲು ಸರಪಳಿಯನ್ನು ಕೆಳಗಿನ ಕೊಕ್ಕೆಗೆ ಕಟ್ಟದೆ, ಮೇಲಿನ ತೋಳಿನ ಕಬ್ಬಿಣದ ಪಟ್ಟಿಯಲ್ಲಿದ್ದ ಖಾಲಿ ತೂತಿಗೆ ಕಟ್ಟಿದ. ಟ್ರ್ಯಾಕ್ಟರು ಕುದುರೆಯಂತೆ ಎದ್ದು ನಿಂತು ಹಿಂದಕ್ಕೆ, ಅವನ ಮೇಲೆ ಬಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ನಾನಿದ್ದೆ. ಕೂಗಲೂ ಆಗಲಿಲ್ಲ. ಇಂದಿಗೂ ಎಂಜಿನ್ನಿನ ಸದ್ದು ಏರಿದರೆ ನನ್ನ ಕಾಲು ನಿಂತಲ್ಲೇ ನಿಲ್ಲುತ್ತದೆ.

ಅವನನ್ನು ಮಣ್ಣು ಮಾಡಿದ ಮೂರನೆಯ ದಿನ ತೆಳ್ಳಗಿನ ಯುವಕರೊಬ್ಬರು ಟೋಪಿಯನ್ನು ಕೈಯಲ್ಲಿ ಹಿಡಿದು ನಮ್ಮ ಅಡುಗೆಮನೆಗೆ ಬಂದರು. ಅವರೇ ವಿಲ್ಬರ್ಟ್, ಆ ತೋಳುಗಳನ್ನು ತಯಾರಿಸುವ ಕಾರ್ಖಾನೆಯ ನಕ್ಷೆಗಾರರು. ನನ್ನ ತಾಯಿಗೆ ಹೇಳಿದರು:

"ಆ ತೂತಿನ ನಕ್ಷೆ ಬರೆದೋನು ನಾನಮ್ಮ. ಸರಪಳಿ ಕಟ್ಟೋರ ಕೈಗೆ ಅದೇ ಮೊದ್ಲು ಸಿಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಬಾಯಿ ಬಿಡ್ಬೇಡ ಅಂದ್ರು ಕಾರ್ಖಾನೇಲಿ."

ನಾನು ದಿಗ್ಭ್ರಾಂತನಾದೆ. ತಪ್ಪು ಯೂಯಲನದೇ ಎಂದು ಮನಸ್ಸನ್ನು ಒಪ್ಪಿಸಿಕೊಳ್ಳುತ್ತಿದ್ದವನು ನಾನು. ತಾಯಿ ಟೀ ಬಗ್ಗಿಸಿ, "ಕೂತ್ಕೊ ಮಗಾ. ಇಂಥವು ಇನ್ನೆಷ್ಟಿವೆ?" ಎಂದರು.

"ಇದೂ ಸೇರಿ ಆರುನೂರು ಮಾರಿದೀವಿ."

"ಹಾಗಾದ್ರೆ ಆರುನೂರೂ ಮುಚ್ಚು. ಇವನೂ ಬರ್ತಾನೆ ನಿನ್ ಜೊತೆ."

ನನ್ನನ್ನು ಯಾರೂ ಕೇಳಲಿಲ್ಲ. ನಿಜ ಹೇಳಿದ್ದಕ್ಕೆ ಅವರ ಕೆಲಸ ಹೋಯಿತು. ಕಾಲೇಜು ಕರೆದು ಪಾಠಕ್ಕೆ ಹಚ್ಚಿತು. ಒಂಬತ್ತು ವರ್ಷ, ಪ್ರತಿ ಶನಿವಾರ, ಬೆಸುಗೆಯ ಯಂತ್ರ ಹೇರಿಕೊಂಡು ಹೊಲದಿಂದ ಹೊಲಕ್ಕೆ ಹೋದೆವು. ಕಿಲ್‌ಕೀಲ್‌ನ ಮುದುಕ ಜೋಸಯಾ ಬೇಲಿಗೆ ಒರಗಿ, "ಚೆನ್ನಾಗಿರೋ ತೂತು ಮುಚ್ಚೋಕೆ ಇಷ್ಟು ದೂರ ಬಂದ್ರೇನ್ರಪ್ಪಾ? ನಮ್ ಕೊಟ್ಟಿಗೆ ಸೂರು ಸೋರ್ತಿದೆ, ಅದನ್ ಮುಚ್ಚಿ ಮೊದ್ಲು" ಎಂದ. ವಿಲ್ಬರ್ಟ್ ಅವರು ಎರಡನ್ನೂ ಮುಚ್ಚಿದರು. ಕಾಲೇಜಿನಲ್ಲಿ ಪ್ರತಿ ವರ್ಷದ ಮೊದಲ ಪಾಠಕ್ಕೆ ತೂತಿರುವ ಅಂಥದೊಂದು ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ, ಇದರ ನಕ್ಷೆ ಬರೆದವನು ನಾನೇ ಎಂದು ಹೇಳುವುದನ್ನು ಅವರು ತಪ್ಪಿಸಲಿಲ್ಲ.

ಆರುನೂರರಲ್ಲಿ ಒಂದು ಉಳಿದಿದೆ. ಯೂಯಲನ ಟ್ರ್ಯಾಕ್ಟರು ನಮ್ಮ ಕೊಟ್ಟಿಗೆಯಲ್ಲಿ ಟಾರ್ಪಾಲಿನ ಕೆಳಗಿದೆ. ಅದನ್ನು ತೋರಿಸೆಂದು ಅವರು ಕೇಳಲಿಲ್ಲ, ನಾನು ತೋರಿಸಲಿಲ್ಲ. ನಲವತ್ತು ವರ್ಷ ಅವರೊಂದಿಗೆ ಚರ್ಚಿನ ಒಂದೇ ಬೆಂಚಿನಲ್ಲಿ ಕೂತು, ಕ್ಷಮಿಸಿದ್ದೇನೆಂದು ಪ್ರಾರ್ಥನೆಯಲ್ಲಿ ದೇವರಿಗೆ ಹೇಳುತ್ತ ಬಂದಿದ್ದೇನೆ. ಅವರಿಗೆ ಹೇಳಿಲ್ಲ ಎಂಬುದು ಇದನ್ನು ಬರೆಯಲು ಕೂತಾಗ ತಿಳಿದು ಬೆಚ್ಚಿದೆ.

ದೇವರು ಅವರಿಗೆ ದೀರ್ಘಾಯುಸ್ಸನ್ನೂ ನಡುಗದ ಕೈಯನ್ನೂ ಕೊಡಲಿ. ಕೆಲಸ ಇನ್ನೂ ಒಂದಿದೆ. ಈ ಶನಿವಾರ ಬೆಸುಗೆಯ ಯಂತ್ರ ತನ್ನಿ, ವಿಲ್ಬರ್ಟ್. ಟಾರ್ಪಾಲು ತೆಗೆದಿಟ್ಟಿರುತ್ತೇನೆ.